ಕಾಸು, ಕಜ್ಜಾಯ, ಕೊಸರು: ಒಂದು ಅನುಪಾತಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ಅದರ ವಿಷಯವೇನು, ಪ್ರಯೋಜನವೇನು, ವಿಷಯಕ್ಕೂ ಗ್ರಂಥಕ್ಕೂ ಇರುವ ಸಂಬಂಧವೇನು, ಅದನ್ನು ಓದುವುದಕ್ಕೆ ಅಧಿಕಾರಿ ಯಾರು ಎಂಬ ನಾಲ್ಕು ಸಂಗತಿಗಳನ್ನು ನಿರೂಪಿಸತಕ್ಕುದೆಂದು ನಮ್ಮ ಪೂರ್ವಿಕರು ವಿಧಿಸಿರುವರಷ್ಟೆ. ಆ ಮರ್ಯಾದೆಯನ್ನು ಮೀರುವ ಧೈರ್ಯವು ಪ್ರಕೃತ ಲೇಖಕನಿಗೆ ಇಲ್ಲದಿರುವುದರಿಂದ ಮೊದಲು ಆ ಋಣವನ್ನು ತೀರಿಸಿಬಿಡುವೆನು. ಈ ಪ್ರಬಂಧದ ವಿಷಯವು ‘ಎಷ್ಟಕ್ಕೆ ಎಷ್ಟು’ ಎಂಬ ಪ್ರಶ್ನೆ. ಅರ್ಥಾತ್, ಒಂದು ರಾಶಿಯು ಬೆಳೆದಂತೆ ಇನ್ನೊಂದು ರಾಶಿಯು ಯಾವ ಲೆಕ್ಕದಲ್ಲಿ ಬೆಳೆಯುವುದೆಂಬುದನ್ನು ಸಮೀಕರಣದ ಹಂಗಿಲ್ಲದೆ ಬರಿಯ ಮಾತಿನಿಂದ ಹೇಳುವ ವಿದ್ಯೆ. ಪ್ರಯೋಜನವು ಮೋಕ್ಷವಲ್ಲ, ಚಿಲ್ಲರೆ. ಸಂಬಂಧವೆಂಬುದೋ, ಈ ಶಾಸ್ತ್ರದಲ್ಲಿ ಸಂಬಂಧವೇ ವಿಷಯವಾಗಿರುವುದರಿಂದ, ಅದನ್ನು ಪ್ರತ್ಯೇಕವಾಗಿ ಹೇಳಹೊರಟರೆ ಪುನರುಕ್ತಿದೋಷಕ್ಕೆ ಗುರಿಯಾಗಬೇಕಾದೀತು. ಇನ್ನು ಅಧಿಕಾರಿಯ ಮಾತು: ಸಂತೆಯಲ್ಲಿ ಕಾಲು ಕಿಲೋ ಹುರುಳಿಕಾಯಿಗೆ ದರವನ್ನು ಕೇಳಿ, ಮನಸ್ಸಿನಲ್ಲಿಯೇ ನಾಲ್ಕರಿಂದ ಗುಣಿಸಿ, ಮುಖ ಸಿಂಡರಿಸಿ, ಆದರೂ ಕೊಂಡುಕೊಂಡು ಬಂದ ಅನುಭವವುಳ್ಳವನು ಯಾವನೇ ಆಗಲಿ, ಯಾವಳೇ ಆಗಲಿ, ಇದಕ್ಕೆ ಅಧಿಕಾರಿಯೇ ಸರಿ. ಗಣಿತಶಾಸ್ತ್ರದಲ್ಲಿ ಪದವಿಯನ್ನು ಪಡೆದವರೂ ಓದಬಹುದು, ಅವರಿಗೆ ನಿಷೇಧವಿಲ್ಲ.

ಈ ವಿಷಯವಾಗಿ ಲೋಕದಲ್ಲಿ ಬಹುಕಾಲದಿಂದ ಪ್ರಚಲಿತವಾಗಿರುವ ಲಕ್ಷಣವಾಕ್ಯವೊಂದುಂಟು. ‘ಒಂದು ಹೆಚ್ಚಿದರೆ ಇನ್ನೊಂದೂ ಹೆಚ್ಚುವುದು, ಅದೇ ನೇರ ಅನುಪಾತ’ ಎಂಬುದು ಆ ವಾಕ್ಯ. ಹುಡುಗರು ಇದನ್ನು ಉಸಿರುಕಟ್ಟಿ ಒಪ್ಪಿಸುವರು, ಉಪಾಧ್ಯಾಯರು ತಲೆದೂಗುವರು, ಪರೀಕ್ಷಕರು ಪೂರ್ಣಾಂಕವನ್ನು ಕೊಟ್ಟು ಮುಂದಿನ ಉತ್ತರಪತ್ರಿಕೆಯನ್ನು ಎತ್ತಿಕೊಳ್ಳುವರು. ಲಕ್ಷಣಕ್ಕೆ ತಗಲಬಹುದಾದ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ತ್ರಿದೋಷಗಳಲ್ಲಿ ಇದಕ್ಕೆ ತಗಲಿರುವುದು ಅತಿವ್ಯಾಪ್ತಿ; ಅದೂ ಔಷಧಕ್ಕೆ ಬಗ್ಗುವಂಥದಲ್ಲ. ಮಗನ ವಯಸ್ಸು ಹೆಚ್ಚಿದಂತೆ ತಂದೆಯ ವಯಸ್ಸೂ ಹೆಚ್ಚುವುದನ್ನು ಯಾರೂ ಅಲ್ಲಗಳೆಯಲಾರರು. ಮಗನು ಹುಟ್ಟಿದಾಗ ತಂದೆಗೆ ಮೂವತ್ತು ವರ್ಷವೆಂದು ಇಟ್ಟುಕೊಳ್ಳೋಣ. ಮಗನಿಗೆ ಹತ್ತಾದಾಗ ತಂದೆಗೆ ನಲವತ್ತು, ಅಂದರೆ ನಾಲ್ಕು ಪಟ್ಟು. ಮಗನಿಗೆ ಮೂವತ್ತಾದಾಗ ತಂದೆಗೆ ಅರುವತ್ತು, ಅಂದರೆ ಎರಡೇ ಪಟ್ಟು. ಹೆಚ್ಚುತ್ತಿರುವುದು ಎರಡೂ ಹೌದು. ಪಟ್ಟು ಮಾತ್ರ ಕುಸಿಯುತ್ತಲೇ ಇದೆ. ಮೇಲಿನ ಲಕ್ಷಣವನ್ನು ನಂಬಿ ಇದನ್ನು ನೇರ ಅನುಪಾತವೆಂದು ಸಾಧಿಸಹೊರಟವನು, ಮಗನು ಸೊನ್ನೆ ವರ್ಷದವನಾಗಿ ತೊಟ್ಟಿಲಲ್ಲಿ ಮಲಗಿರುವ ದಿನ ತಂದೆಯೂ ಸೊನ್ನೆ ವರ್ಷದವನಾಗಿ ಪಕ್ಕದ ತೊಟ್ಟಿಲಲ್ಲಿ ಮಲಗಿರತಕ್ಕುದೆಂದು ಒಪ್ಪಬೇಕಾಗುವುದು. ಆಗ ನಾಮಕರಣದ ಖರ್ಚನ್ನು ವಹಿಸತಕ್ಕವರು ಯಾರೆಂಬ ಪ್ರಶ್ನೆಯು ಅಜ್ಜನ ತಲೆಗೆ ಬಂದು, ಅನುಪಾತವು ಆತನನ್ನೂ ಬಿಡದಿರುವುದರಿಂದ, ಅನವಸ್ಥೆಯಲ್ಲಿ ಪರ್ಯವಸಾನಗೊಳ್ಳುವುದು.

ಆದುದರಿಂದ ‘ಹೆಚ್ಚಿದರೆ ಹೆಚ್ಚುವುದು’ ಎಂಬ ಮಹಾಜಾತಿಯೊಳಗೆ ಇನ್ನೂ ಕಿರಿದಾದ ಕುಲವೊಂದನ್ನೂ, ಆ ಕುಲದೊಳಗೆ ಒಂದು ಮನೆತನವನ್ನೂ ಬೇರ್ಪಡಿಸಬೇಕಾಗುವುದು. ಸಮವಾದ ಹೆಜ್ಜೆಯನ್ನು ಇಟ್ಟಾಗಲೆಲ್ಲ ಸಮವಾದ ಏರಿಕೆಯೇ ದೊರೆಯುವುದಾದರೆ ಆ ಸಂಬಂಧವು ರೇಖೀಯ. ಮಗನಿಗೆ ವರ್ಷ ತುಂಬಿದಾಗಲೆಲ್ಲ ತಂದೆಗೂ ಒಂದು ವರ್ಷ ತುಂಬುವುದಾದುದರಿಂದ ಪಿತಾಪುತ್ರರು ಈ ಕುಲಕ್ಕೆ ಸೇರಿದವರು. ಈ ಸಮತ್ವದೊಡನೆ, ಒಂದು ಸೊನ್ನೆಯಾದಾಗ ಇನ್ನೊಂದೂ ತೆಪ್ಪಗೆ ಸೊನ್ನೆಯಾಗುವ ಸೌಜನ್ಯವೂ ಕೂಡಿದ್ದರೆ ಮಾತ್ರ ಅದು ನೇರ ಅನುಪಾತವೆಂಬ ಮನೆತನಕ್ಕೆ ಸಲ್ಲುವುದು. ಅಲ್ಲಿ ಒಂದನ್ನು ಇಮ್ಮಡಿಸಿದರೆ ಇನ್ನೊಂದೂ ಇಮ್ಮಡಿಸುವುದು, ಮುಮ್ಮಡಿಸಿದರೆ ಮುಮ್ಮಡಿಸುವುದು. ಇವೆರಡರಲ್ಲಿ ಯಾವುದಕ್ಕೂ ಸೇರದೆ ಬರಿದೆ ಹೆಚ್ಚುತ್ತ ಹೋಗುವ ಪದಾರ್ಥಗಳೂ ಲೋಕದಲ್ಲಿ ವಿಪುಲವಾಗಿವೆ. ಶಿಶುವಿನ ತೂಕವು ಹುಟ್ಟಿದ ಸುಮಾರು ಐದು ತಿಂಗಳಿಗೆ ಇಮ್ಮಡಿಯಾಗುವುದನ್ನು ಕಂಡು ಹಿಗ್ಗಿದ ಅಜ್ಜಿಯರು, ಅದೇ ಲೆಕ್ಕದಲ್ಲಿ ಐದೈದು ತಿಂಗಳಿಗೂ ಹುಟ್ಟುತೂಕದಷ್ಟು ಏರಿಕೆಯು ತಪ್ಪದೆ ಬರುವುದೆಂದು ಭಾವಿಸಿದ್ದೇ ಆದರೆ, ಮೂರು ಕಿಲೋ ತೂಗಿದ ಮೊಮ್ಮಗನು ಮೂವತ್ತನೆಯ ಹುಟ್ಟುಹಬ್ಬದ ದಿನ 219 ಕಿಲೋ ತೂಗಬೇಕಾಗುವುದು. ದೃಷ್ಟಿ ತೆಗೆಯುವ ಪದ್ಧತಿಯು ನಮ್ಮಲ್ಲಿ ಇರುವುದು ಈ ಭಯದಿಂದಲೇ ಇರಬಹುದೆಂಬುದು ನನ್ನ ಊಹೆ.

ಈಗ ಪರಿಭಾಷೆ. ರೇಖೀಯ ಸಂಬಂಧವನ್ನು ಬಾಯಿಮಾತಿನಲ್ಲಿ ಪೂರ್ತಿಯಾಗಿ ಹೇಳಿಬಿಡುವುದಕ್ಕೆ ಎರಡೇ ಸಂಗತಿಗಳು ಸಾಕು: ಹೆಜ್ಜೆಗೆ ಎಷ್ಟು ಏರಿಕೆ ಎಂಬುದೊಂದು, ಹೆಜ್ಜೆಯನ್ನೇ ಇಡದಿದ್ದಾಗ ಎಷ್ಟು ಎಂಬುದು ಇನ್ನೊಂದು. ಪಠ್ಯಪುಸ್ತಕಗಳು ಇವುಗಳಿಗೆ ಇಳಿಜಾರು, ಸ್ಥಿರಾಂಕ ಮೊದಲಾದ ನಾಮಧೇಯಗಳನ್ನು ಇಟ್ಟಿವೆ. ಏರುತ್ತಿರುವ ರೇಖೆಯನ್ನು ಇಳಿಜಾರೆಂದು ಕರೆಯುವ ಔದಾರ್ಯವು ನನಗೆ ಇಲ್ಲವಾದುದರಿಂದ, ಸಂತೆಯಲ್ಲಿ ಈಗಾಗಲೇ ಸಲ್ಲುತ್ತಿರುವ ದರ, ಕೊಸರು ಎಂಬೆರಡು ಮಾತುಗಳನ್ನೇ ಇಲ್ಲಿ ಅಂಗೀಕರಿಸಿರುವೆನು. ಕೊಸರಿನ ಸ್ವರೂಪವನ್ನು ಅರಿಯದವರು ಯಾವುದಾದರೂ ಸಂತೆಯಲ್ಲಿ ತರಕಾರಿಯಾಕೆಯ ಮುಂದೆ ಒಂದು ಗಳಿಗೆ ನಿಲ್ಲತಕ್ಕುದು. ತಕ್ಕಡಿ ಇಳಿದು ಹಣವೂ ಕೈಸೇರಿದ ಮೇಲೆ ಗಿರಾಕಿಯು ಚೀಲದ ಬಾಯನ್ನು ಮುಚ್ಚದೆ ಹಾಗೆಯೇ ಹಿಡಿದುಕೊಂಡು ‘ಕೊಸರು ಹಾಕವ್ವ’ ಎನ್ನುವಳು. ಆಕೆಯು ‘ಗಿಟ್ಟಲ್ಲ ಕಣಮ್ಮ’ ಎಂದು ಗೊಣಗುತ್ತಲೇ ಎರಡೆಳೆ ಕರಿಬೇವನ್ನೂ ನಾಲ್ಕು ಹಸಿಮೆಣಸಿನಕಾಯಿಯನ್ನೂ ಚೀಲದೊಳಕ್ಕೆ ಎಸೆಯುವಳು. ಇಲ್ಲಿ ಗಮನಿಸತಕ್ಕ ತತ್ತ್ವವೇನೆಂದರೆ, ಒಂದು ಕಿಲೋ ಬದನೆಕಾಯಿಯನ್ನು ಕೊಂಡವಳಿಗೂ ನಾಲ್ಕು ಕಿಲೋ ಕೊಂಡವಳಿಗೂ ಬೀಳುವುದು ಅದೇ ಎರಡೆಳೆ ಕರಿಬೇವು. ಕೊಂಡದ್ದರ ಮೇಲೆ ಅವಲಂಬಿಸದಿರುವಿಕೆಯೇ ಕೊಸರಿನ ಕೊಸರುತನ. ಚೀಲದ ಒಟ್ಟು ಭಾರವೆಂಬುದು ದರದಿಂದ ಬಂದ ಭಾಗಕ್ಕೆ ಕೊಸರನ್ನು ಕೂಡಿಸಿದ್ದು. ಕೊಸರು ಸೊನ್ನೆಯಾದಲ್ಲಿ ನೇರ ಅನುಪಾತ, ಸೊನ್ನೆಯಾಗದಲ್ಲಿ ಕೇವಲ ರೇಖೀಯ. ಪಿತಾಪುತ್ರಪ್ರಕರಣದಲ್ಲಿ ದರವು ವರ್ಷಕ್ಕೆ ಒಂದು ವರ್ಷ, ಕೊಸರು ಮೂವತ್ತು.

ಆಧಾರವಿಲ್ಲದ ಮಾತಿಗೆ ಪಂಡಿತಮಂಡಲಿಯಲ್ಲಿ ಬೆಲೆಯಿಲ್ಲವಾದುದರಿಂದ ಆಪ್ತವಾಕ್ಯಗಳನ್ನು ಉದಾಹರಿಸುವುದು ಯುಕ್ತ. ಆರ್ಯಭಟನು ಕ್ರಿ. ಶ. 499ರ ಸುಮಾರಿನ ತನ್ನ ಆರ್ಯಭಟೀಯದ ಗಣಿತಪಾದದಲ್ಲಿ, ಫಲರಾಶಿಯನ್ನು ಇಚ್ಛಾರಾಶಿಯಿಂದ ಗುಣಿಸಿ ಪ್ರಮಾಣರಾಶಿಯಿಂದ ಭಾಗಿಸಿದರೆ ಇಚ್ಛಾಫಲವು ದೊರೆಯುವುದೆಂದು ತ್ರೈರಾಶಿಕವನ್ನು ಉಪದೇಶಿಸಿರುವನು. ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು ಎಂಬ ಈ ವಿದ್ಯೆಯು ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿಯೂ ವಿಸ್ತಾರವಾಗಿ ಬಂದಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ವ್ಯವಹಾರಗಣಿತವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿ, ಲೆಕ್ಕಕ್ಕೆ ಸಂಸ್ಕೃತವೇ ಬೇಕೆಂಬವರ ಬಾಯನ್ನು ಮುಚ್ಚಿಸಿದನು. 1150ರಲ್ಲಿ ಲೀಲಾವತಿಯನ್ನು ಬರೆದ ಭಾಸ್ಕರಾಚಾರ್ಯನು, ಹರಿಯು ಜಗತ್ತನ್ನೆಲ್ಲ ವ್ಯಾಪಿಸಿರುವಂತೆ ತ್ರೈರಾಶಿಕವು ಲೆಕ್ಕವನ್ನೆಲ್ಲ ವ್ಯಾಪಿಸಿದೆ ಎಂಬ ಅಭಿಪ್ರಾಯವನ್ನು ಸೂಚಿಸಿರುವನು. ಮುಕ್ಕಾಲು ಪಾಲು ಒಪ್ಪಬಹುದಾದ ಮಾತಿದು. ಆತನ ಉದಾಹರಣೆಯೊಂದರಲ್ಲಿ, ಒಂದು ನಿಷ್ಕದ ಏಳರಲ್ಲಿ ಮೂರು ಪಾಲಿಗೆ ಎರಡೂವರೆ ಪಲ ಕುಂಕುಮಕೇಸರಿಯು ದೊರೆಯುವುದಾದರೆ ಒಂಬತ್ತು ನಿಷ್ಕಕ್ಕೆ ಎಷ್ಟು ಎಂದು ವರ್ತಕಶ್ರೇಷ್ಠನನ್ನು ಕೇಳಿದೆ. ಐವತ್ತೆರಡೂವರೆ ಪಲವೆಂದು ಉತ್ತರ. ಇಪ್ಪತ್ತೊಂದು ಪಟ್ಟು ಹಣವನ್ನು ಸುರಿದ ಗಿರಾಕಿಗೆ ಆ ವರ್ತಕಶ್ರೇಷ್ಠನು ಇಪ್ಪತ್ತೊಂದು ಪಟ್ಟು ಕೇಸರಿಯನ್ನಲ್ಲದೆ ಒಂದು ಎಸಳನ್ನೂ ಹೆಚ್ಚಿಗೆ ಕೊಡಲಿಲ್ಲ. ಸಗಟಿನ ರಿಯಾಯಿತಿ ಇಲ್ಲ, ಕೊಸರೂ ಇಲ್ಲ. ಪ್ರಾಚೀನ ಗಣಿತದ ಅಂಗಡಿಗಳಲ್ಲಿ ಅನುಪಾತವು ಅಷ್ಟು ನಿಷ್ಕಳಂಕವಾಗಿ ನಡೆಯುತ್ತಿದ್ದುದರಿಂದಲೇ ಅಂಥ ಅಂಗಡಿಗಳು ಗಣಿತಗ್ರಂಥಗಳ ಹೊರಗೆ ಎಲ್ಲಿಯೂ ಉಳಿದುಬರಲಿಲ್ಲವೆಂದು ತೋರುವುದು.

ಆದರೆ ಈ ಶಾಸ್ತ್ರದ ಮಹಾಸೂತ್ರವು ಯಾವ ಆಚಾರ್ಯನ ಹೆಸರನ್ನೂ ಹೊತ್ತಿಲ್ಲ. ‘ಕಾಸಿಗೆ ತಕ್ಕ ಕಜ್ಜಾಯ’ ಎಂಬ ಆ ಮೂರು ಪದಗಳ ಸೂತ್ರವನ್ನು ನಾವು ಪ್ರತಿದಿನವೂ ಉಚ್ಚರಿಸುತ್ತ, ಅದಕ್ಕೆ ಭಾಷ್ಯದ ಅವಶ್ಯಕತೆಯೇ ಇಲ್ಲವೆಂಬಂತೆ ನಡೆದುಕೊಳ್ಳುತ್ತಿರುವುದು ಶೋಚನೀಯ. ಕಾಸಿಲ್ಲದವನಿಗೆ ಕಜ್ಜಾಯವಿಲ್ಲವೆಂಬುದು ಇದರಿಂದ ಸಿದ್ಧಿಸುವುದರಿಂದ ಶೂನ್ಯಪರೀಕ್ಷೆಯಲ್ಲಿ ಸೂತ್ರವು ಗೆದ್ದಿತು. ಎರಡು ಕಾಸಿಗೆ ಎರಡು ಕಜ್ಜಾಯವಾಗುವುದರಿಂದ ದ್ವಿಗುಣಪರೀಕ್ಷೆಯಲ್ಲಿಯೂ ಗೆದ್ದಿತು. ಇಷ್ಟಕ್ಕೆ ನಿಲ್ಲಿಸುವುದಾದರೆ ಅದು ಭಾಷ್ಯವೆನಿಸಲಾರದಷ್ಟೆ. ಪೂರ್ವಪಕ್ಷಿಯ ಆಕ್ಷೇಪವನ್ನೂ ಕೇಳಬೇಕು. ಅವನು ಹೇಳುವುದೇನೆಂದರೆ: ಅರ್ಧ ಕಾಸಿಗೆ ಅರ್ಧ ಕಜ್ಜಾಯವನ್ನು ಮುರಿದುಕೊಡುವ ಅಂಗಡಿಯನ್ನು ಯಾರೂ ಕಂಡಿಲ್ಲ, ಅರ್ಧ ಕಾಸಿನವನು ಬರಿಗೈಯಲ್ಲಿ ಹಿಂದಿರುಗುವನು, ಒಂದೂವರೆ ಕಾಸಿನವನು ಒಂದನ್ನೇ ತಿಂದು ಅರ್ಧ ಕಾಸನ್ನು ಜೇಬಿನಲ್ಲಿ ಕುಣಿಸುತ್ತ ಹೋಗುವನು, ಆದುದರಿಂದ ಇದು ರೇಖೆಯಲ್ಲ, ಮೆಟ್ಟಿಲು. ಇದಕ್ಕೆ ಸಮಾಧಾನ: ತಿನ್ನುವವನ ದೃಷ್ಟಿಯಲ್ಲಿ ಅದು ಮೆಟ್ಟಿಲೆಂಬುದನ್ನು ಒಪ್ಪುವೆವು, ಮೆಟ್ಟಿಲುಗಳ ತುದಿಗಳನ್ನು ಕೂಡಿಸಿ ನೂಲು ಹಿಡಿದರೆ ಆ ನೂಲು ನೆಟ್ಟಗೆ ಇರುವುದನ್ನೂ ಪೂರ್ವಪಕ್ಷಿಯು ಒಪ್ಪಬೇಕು. ಹಸಿದವನು ನೂಲನ್ನು ತಿನ್ನಲಾರನೆಂಬುದು ಬೇರೆ ಮಾತು.

ಇದಕ್ಕಿಂತ ಗಹನವಾದುದು ಎರಡನೆಯ ಆಕ್ಷೇಪ. ತಕ್ಕ ಕಜ್ಜಾಯವೆಂದರೆ ಯಾವುದರಲ್ಲಿ ತಕ್ಕದ್ದು? ಅಗಲದಲ್ಲಿಯೋ, ತೂಕದಲ್ಲಿಯೋ? ಅಕ್ಕಿಯನ್ನು ನೆನೆಯಿಟ್ಟು, ಬಸಿದು, ನೆರಳಿನಲ್ಲಿ ಆರಹಾಕಿ, ಪಸೆ ಪೂರ್ತಿಯಾಗಿ ಆರುವ ಮುನ್ನವೇ ಕುಟ್ಟಿ ಜರಡಿ ಹಿಡಿದು, ಬೆಲ್ಲದ ಪಾಕಕ್ಕೆ ಕಲಸಿಟ್ಟ ಹಿಟ್ಟನ್ನು ಬಾಳೆಯೆಲೆಯ ಮೇಲೆ ಬೆರಳುಗಳಿಂದ ತಟ್ಟುತ್ತಿರುವ ಗೃಹಿಣಿಯನ್ನು ನೋಡಿರಿ. ಅದೇ ದಪ್ಪದಲ್ಲಿ ಅಗಲವನ್ನು ಇಮ್ಮಡಿ ಮಾಡಹೊರಟರೆ ಆಕೆಗೆ ಎರಡು ಉಂಡೆ ಹಿಟ್ಟು ಸಾಲದು, ನಾಲ್ಕು ಉಂಡೆ ಬೇಕಾಗುವುದು. ಏಕೆಂದರೆ ವೃತ್ತದ ವಿಸ್ತೀರ್ಣವು ವ್ಯಾಸದ ವರ್ಗವನ್ನು ಅನುಸರಿಸುವುದೇ ಹೊರತು ವ್ಯಾಸವನ್ನಲ್ಲ. ಇಮ್ಮಡಿ ಅಗಲದ ಕಜ್ಜಾಯವನ್ನು ಇಮ್ಮಡಿ ಕಾಸಿಗೆ ಮಾರುವ ಅಂಗಡಿಯವನು ಅರ್ಧ ಹಿಟ್ಟನ್ನು ದಾನ ಮಾಡಿದಂತೆ. ದೀಪಾವಳಿ ಮುಗಿಯುವ ಮೊದಲೇ ಅವನ ಅಂಗಡಿಯ ದೀಪ ಆರುವುದು. ಆದುದರಿಂದ ಸೂತ್ರದಲ್ಲಿನ ತಕ್ಕತನವು ತೂಕದ ವಿಷಯದಲ್ಲಿಯೇ ಎಂಬುದು ಸಿದ್ಧಾಂತ. ತೂಕದಲ್ಲಿಯೂ, ಬಾಣಲೆಯಿಂದ ತೆಗೆದೊಡನೆ ಎರಡು ಸಟ್ಟುಗಗಳ ನಡುವೆ ಒತ್ತಿ ಎಣ್ಣೆಯನ್ನು ಇಳಿಸಿದ ಮೇಲಿನ ತೂಕವೆಂದೇ ಗ್ರಹಿಸತಕ್ಕುದು. ಇಲ್ಲವಾದರೆ ಗಿರಾಕಿಯು ಕಜ್ಜಾಯದ ದರಕ್ಕೆ ಎಣ್ಣೆಯನ್ನು ಕೊಂಡಂತಾಗುವುದು. ಪಾಕವು ಎಳೆಯದಾಗಿ ಬಾಣಲೆಯಲ್ಲಿಯೇ ಒಡೆದುಹೋದ ಕಜ್ಜಾಯಗಳ ವಿಷಯದಲ್ಲಿ ಸೂತ್ರವು ಮೌನವಾಗಿದೆ. ಅವು ಮಕ್ಕಳ ಪಾಲೆಂದು ಶಿಷ್ಟಾಚಾರ.

ಪ್ರಸಂಗವಶಾತ್ ಇತರ ಸೂತ್ರಗಳ ಮಾತನ್ನೂ ಎತ್ತಬಹುದು. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬುದರಲ್ಲಿ ದರವು ಒಂದಕ್ಕೆ ಒಂದು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದನ್ನು ಅನೇಕರು ಅನುಪಾತವೆಂದು ಭ್ರಮಿಸಿರುವರು. ಅದು ಮೇಲ್ಮಿತಿ ಮಾತ್ರ. ಹಾಸಿಗೆಯು ಇಪ್ಪತ್ತು ಅಡಿ ಇದ್ದರೂ ಕಾಲು ಇಪ್ಪತ್ತು ಅಡಿ ಬೆಳೆಯದು. ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂದವರು ಎಷ್ಟು ಉಪ್ಪಿಗೆ ಎಷ್ಟು ನೀರೆಂಬುದನ್ನು ಹೇಳದೆ ಬಿಟ್ಟದ್ದು ಈ ಶಾಸ್ತ್ರಕ್ಕೆ ಆದ ನಷ್ಟ.

ಪಾಶ್ಚಾತ್ಯರಲ್ಲಿಯೂ ಈ ವಿದ್ಯೆಯನ್ನು ಬರಿಯ ಮಾತಿನಲ್ಲಿ ಹೇಳಿದ ಮಹನೀಯರು ಇಲ್ಲದಿಲ್ಲ. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತನು ತಂತಿಸುರುಳಿಯನ್ನು ಎಳೆದು ನೋಡಿ, ಹಿಗ್ಗಿದಷ್ಟೇ ಬಲವೆಂಬ ತತ್ತ್ವವನ್ನು ಕಂಡುಕೊಂಡು, ಅದನ್ನು 1676ರಲ್ಲಿ ಪ್ರಕಟಿಸಿದನು. ಪ್ರಕಟಿಸಿದನೆಂಬುದು ಉಪಚಾರದ ಮಾತು; ನಾಲ್ಕು ಪದಗಳ ಲ್ಯಾಟಿನ್ ವಾಕ್ಯದ ಹದಿನಾಲ್ಕು ಅಕ್ಷರಗಳನ್ನು ಕಿತ್ತು ಅಕಾರಾದಿಯಾಗಿ ಜೋಡಿಸಿ, ಯಾರಿಗೂ ಅರ್ಥವಾಗದಂತೆ ಅಚ್ಚುಹಾಕಿಸಿದನು. ಬೇರೆಯವರು ಕದಿಯಬಾರದು, ಆದರೆ ಮೊದಲು ಕಂಡವನು ತಾನೆಂಬುದು ದಾಖಲೆಯಾಗಬೇಕು ಎಂಬುದು ಉದ್ದೇಶ. ಎರಡು ವರ್ಷಗಳ ಮೇಲೆ, 1678ರಲ್ಲಿ, ಒಗಟನ್ನು ಬಿಡಿಸಿ ಹೇಳಿದನು. ಇಂದಿನ ವಿದ್ವಾಂಸರು ಅಕ್ಷರಗಳನ್ನು ಕಲೆಸದೆಯೇ ಅದೇ ಪರಿಣಾಮವನ್ನು ಸಾಧಿಸುತ್ತಿರುವುದು ಶಾಸ್ತ್ರದ ಅಭಿವೃದ್ಧಿಯ ಲಕ್ಷಣ. ಹುಕ್ಕನ ನಿಯಮಕ್ಕೂ ಎಲ್ಲೆಯುಂಟು: ಮಿತಿಮೀರಿ ಎಳೆದರೆ ಸುರುಳಿಯು ಅನುಪಾತವನ್ನು ಮರೆತು, ಹಿಗ್ಗಿದಂತೆಯೇ ಉಳಿದುಬಿಡುವುದು.

ಬಡ್ಡಿಯ ವಿಚಾರವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಸರಳಬಡ್ಡಿಗೆ ಸಾಲ ತಂದವನಿಗೆ ಬಡ್ಡಿಯು ತಿಂಗಳುಗಳಿಗೆ ನೇರ ಅನುಪಾತದಲ್ಲಿ ಏರುವುದು. ತೀರಿಸಬೇಕಾದ ಮೊತ್ತವು ರೇಖೀಯವಾಗಿ ಮಾತ್ರ ಏರುವುದು, ಏಕೆಂದರೆ ಅದರಲ್ಲಿ ಅಸಲು ಎಂಬ ಕೊಸರು ಸೇರಿದೆ. ಚಕ್ರಬಡ್ಡಿಯು ಯಾವ ರೇಖೆಗೂ ಬಗ್ಗುವುದಿಲ್ಲ. ಬೀಗ ಹಾಕಿ ಊರಿಗೆ ಹೋದವರ ಮನೆಗೂ ಕರೆಂಟಿನ ಬಿಲ್ಲು ಬರುವುದು ನಿಗದಿತ ಶುಲ್ಕವೆಂಬ ಕೊಸರಿನ ಮಹಿಮೆ.

ಆದರೆ ಹವೆಯ ವಿಚಾರದಲ್ಲಿ ಸುಶಿಕ್ಷಿತರೂ ಎಡವುವುದನ್ನು ಕಂಡು ಸುಮ್ಮನಿರಲಾಗದು. ಮುಂಜಾನೆ 15 ಡಿಗ್ರಿ ಇದ್ದದ್ದು ಮಧ್ಯಾಹ್ನ 30 ಆಯಿತು, ಸೆಖೆ ಇಮ್ಮಡಿಯಾಯಿತು ಎನ್ನುವವರುಂಟು. ಅದೇ ಹವೆಯನ್ನು ಫ್ಯಾರನ್‌ಹೀಟ್ ಮಾನದಲ್ಲಿ ಅಳೆದರೆ 59 ಇದ್ದದ್ದು 86 ಆಗುವುದು. ಇಮ್ಮಡಿಗೆ ಇನ್ನೂ ಬಹಳ ದೂರ. ಒಂದೇ ಊರಿನ ಒಂದೇ ಮಧ್ಯಾಹ್ನವು ಒಬ್ಬನ ಪಾಲಿಗೆ ಇಮ್ಮಡಿಯಾಗಿಯೂ ಇನ್ನೊಬ್ಬನ ಪಾಲಿಗೆ ಒಂದೂವರೆಗಿಂತ ಕಡಿಮೆಯಾಗಿಯೂ ಇರಲು ಹೇಗೆ ಸಾಧ್ಯ? ಸೆಲ್ಸಿಯಸ್ಸಿನಿಂದ ಫ್ಯಾರನ್‌ಹೀಟಿಗೆ ಹೋಗುವಾಗ ಐದಕ್ಕೆ ಒಂಬತ್ತರ ದರವಿರುವುದಲ್ಲದೆ ಮೂವತ್ತೆರಡರ ಕೊಸರೂ ಇರುವುದೇ ಇದಕ್ಕೆ ಕಾರಣ. ಸೆಲ್ಸಿಯಸ್ಸಿನ ಸೊನ್ನೆಯು ನಿಜವಾದ ಸೊನ್ನೆಯಲ್ಲ, ನೀರು ಹೆಪ್ಪುಗಟ್ಟುವ ಒಂದು ಅನುಕೂಲದ ತಾಣ. ಕೊಸರಿಲ್ಲದ ಮಾನವೊಂದಿರಬೇಕೆಂದು 1848ರಲ್ಲಿ ಸೂಚಿಸಿದವನು ವಿಲಿಯಂ ಥಾಮ್ಸನ್, ಮುಂದೆ ಕೆಲ್ವಿನ್ ಪ್ರಭುವೆನಿಸಿಕೊಂಡವನು. ಆತನ ಹೆಸರಿನ ಮಾನದಲ್ಲಿ ಆ ಮುಂಜಾನೆಯು ಸುಮಾರು 288, ಮಧ್ಯಾಹ್ನವು 303. ಅಂದರೆ ಸೆಖೆಯು ಹೆಚ್ಚಿದ್ದು ನೂರಕ್ಕೆ ಐದರಷ್ಟು. ಬೆವರುತ್ತಿರುವವನಿಗೆ ಈ ಅಂಕಿಯನ್ನು ಹೇಳಿ ಸಮಾಧಾನಪಡಿಸಲು ಹೋಗಬಾರದು.

ಇಷ್ಟನ್ನೆಲ್ಲ ಗ್ರಂಥಗಳಿಂದ ಕಷ್ಟಪಟ್ಟು ಕಲಿಯುವ ನಮಗಿಂತ, ದರಕ್ಕೂ ಕೊಸರಿಗೂ ಇರುವ ಭೇದವನ್ನು ಲೀಲಾಜಾಲವಾಗಿ ಬಲ್ಲವರು ಬೆಂಗಳೂರಿನ ಆಟೋ ಚಾಲಕರೆಂಬುದು ನನ್ನ ನಿಶ್ಚಿತಾಭಿಪ್ರಾಯ. ಆ ನಗರದಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಸರ್ಕಾರಿ ದರದಂತೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಅಲ್ಲಿಂದಾಚೆಗೆ ಕಿಲೋಮೀಟರಿಗೆ 18 ರೂಪಾಯಿ. ಅದಕ್ಕೆ ಹಿಂದೆ, 2021ರ ಡಿಸೆಂಬರಿನಿಂದ, ಇವೇ ಎರಡು 30 ಮತ್ತು 15 ಆಗಿದ್ದವು. ಕನಿಷ್ಠ ಬಾಡಿಗೆಯೆಂಬ ಮಾತು ಕಿವಿಗೆ ಬಿದ್ದೊಡನೆ ಇಲ್ಲಿ ಕೊಸರಿದೆಯೆಂದು ತೀರ್ಮಾನಿಸುವವರು ಸ್ವಲ್ಪ ತಾಳತಕ್ಕುದು. ಮೂವತ್ತಾರು ಹದಿನೆಂಟರ ಇಮ್ಮಡಿ. ಐದು ಕಿಲೋಮೀಟರು ಹೋದವನು 36ಕ್ಕೆ 54ನ್ನು ಕೂಡಿಸಿ 90 ಕೊಡುವನು. ಅದು ಐದು ಹದಿನೆಂಟಲೇ. ಹತ್ತು ಹೋದವನು 180. ಎರಡು ಕಿಲೋಮೀಟರು ದಾಟಿದ ಮೇಲಿನ ರೇಖೆಯನ್ನು ಹಿಂದಕ್ಕೆ ಎಳೆದರೆ ಅದು ಅತ್ತ ಇತ್ತ ವಾಲದೆ ಸೊನ್ನೆಗೇ ಬಂದು ಸೇರುವುದು. ಅಂದರೆ ದೂರ ಹೋಗುವವನ ಪಾಲಿಗೆ ಇದು ಶುದ್ಧವಾದ ನೇರ ಅನುಪಾತ. ದಂಡ ತೆರುವವನು ಹತ್ತಿರ ಹೋಗುವವನು: ಅರ್ಧ ಕಿಲೋಮೀಟರಿಗೂ ಅದೇ 36 ಕೊಟ್ಟು, ಕಿಲೋಮೀಟರಿಗೆ 72ರ ದರದಲ್ಲಿ ಸವಾರಿ ಮಾಡಿದ ಕೀರ್ತಿಗೆ ಪಾತ್ರನಾಗುವನು.

ಇದು ಮೀಟರಿನ ಮತ. ಚಾಲಕರಲ್ಲಿ ಬೇರೆ ಮತಗಳುಂಟು. ‘ಮೀಟ್ರ್ ಮೇಲೆ ಇಪ್ಪತ್ತು ಕೊಡಿ ಸಾರ್’ ಎನ್ನುವವನು ದರವನ್ನು ಮುಟ್ಟದೆ ಕೊಸರನ್ನು ಮಾತ್ರ ಬೇಡುವವನು. ಅವನ ರೇಖೆಯು ಮೀಟರಿನ ರೇಖೆಗೆ ಸಮಾನಾಂತರವಾಗಿ ಇಪ್ಪತ್ತು ರೂಪಾಯಿ ಮೇಲೆ ಓಡುವುದು. ‘ಒನ್ ಆಂಡ್ ಹಾಫ್ ಆಗತ್ತೆ ಸಾರ್’ ಎನ್ನುವವನು ಕೊಸರಿನ ಗೊಡವೆಗೆ ಹೋಗದೆ ದರವನ್ನೇ ಎತ್ತುವವನು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಇದಕ್ಕೆ ಸರ್ಕಾರದ ಸಮ್ಮತಿಯೂ ಉಂಟು. ‘ಮುನ್ನೂರು ಕೊಡಿ, ಬರ್ತಾ ಖಾಲಿ ಬರ್ಬೇಕು’ ಎನ್ನುವವನದು ಮೂರನೆಯ ಮತ: ಅಲ್ಲಿ ದರವೆಂಬುದೇ ಇಲ್ಲ, ಸರ್ವವೂ ಕೊಸರು, ರೇಖೆಯು ದೂರವನ್ನು ಲೆಕ್ಕಿಸದೆ ಅಡ್ಡಲಾಗಿ ಮಲಗಿರುವುದು. ಕರಿಬೇವಿನ ಕೊಸರು ಗಿರಾಕಿಗೆ ಬಂದರೆ ಈ ಕೊಸರು ಗಿರಾಕಿಯಿಂದ ಹೋಗುವುದೆಂಬಷ್ಟೇ ಭೇದ. ಮೊದಲೆರಡು ಮತಗಳಲ್ಲಿ ಯಾವುದು ಹಗುರವೆಂಬ ಬಗ್ಗೆ ಪ್ರಯಾಣಿಕರಲ್ಲಿ ತೀವ್ರವಾದ ಭ್ರಾಂತಿಯಿದೆ. ಇಪ್ಪತ್ತೆಂಬ ಅಂಕಿಯು ಕಿವಿಗೆ ಭಾರವಾಗಿ ಕೇಳಿಸಿ, ಒಂದೂವರೆಯೆಂಬುದು ಹಗುರವಾಗಿ ಕೇಳಿಸುವುದೇ ಅದಕ್ಕೆ ಕಾರಣ. ಮೀಟರು ನಲವತ್ತು ತೋರಿಸಿದಾಗ ಎರಡೂ ಅರುವತ್ತಕ್ಕೆ ಬಂದು ಸಮವಾಗುವುವು. ನೂರು ತೋರಿಸಿದಾಗ ಮೊದಲನೆಯವನಿಗೆ ನೂರಿಪ್ಪತ್ತು, ಎರಡನೆಯವನಿಗೆ ನೂರೈವತ್ತು.

ಹಗಲು ಹೊತ್ತಿನಲ್ಲಿ ಈ ಯಾವ ಮತಕ್ಕೂ ಕಾನೂನಿನ ಆಧಾರವಿಲ್ಲ. ಆದರೂ ಮಳೆ ಸುರಿಯುತ್ತಿದ್ದು, ಕೈಯಲ್ಲಿ ಚೀಲವಿದ್ದು, ಒಪ್ಪದೆ ವಿಧಿಯಿಲ್ಲವೆಂಬ ಪ್ರಸಂಗವೊದಗಿದಲ್ಲಿ, ಮೀಟರು ನಲವತ್ತನ್ನು ದಾಟುವ ದೂರವಾದರೆ ‘ಮೇಲೆ ಇಪ್ಪತ್ತ’ನ್ನೂ ದಾಟದಷ್ಟು ಹತ್ತಿರವಾದರೆ ‘ಒಂದೂವರೆ’ಯನ್ನೂ ಒಪ್ಪಿಕೊಳ್ಳಬೇಕೆಂದು ಓದುಗರಲ್ಲಿ ವಿನಂತಿಸಿಕೊಳ್ಳುವೆನು. ಎರಡನ್ನೂ ಒಟ್ಟಿಗೆ ಕೇಳಿದವನ ಆಟೋವನ್ನು ಹತ್ತಬೇಡಿರಿ.